ಮಾಪಿನ ಸಾಹೇಬರ ಚುಟ್ಟಾ ಬಳಗ

ಮಾಪಿನ ಸಾಹೇಬರು ಚುಟ್ಟಾ ಸೇದುತ್ತಿರಲಿಲ್ಲ, ಮೂಸುತ್ತಿದ್ದರು. ಬೆಳಿಗ್ಗೆ ಹತ್ತರ ಸುಮಾರಿಗೆ ಜಮಖಂಡಿ ಕೋರ್ಟಿನ ಎದುರಿಗಿರುವ ನನ್ನ ಝೆರಾಕ್ಸ್ ಅಂಗಡಿಗೆ ಬಂದು, ಮೂಲೆಯ ಸ್ಟೂಲಿನ ಮೇಲೆ ಕೂತು, ಕಿಸೆಯಿಂದ ಬೆರಳುದ್ದದ ಕಪ್ಪು ಚುಟ್ಟಾ ತೆಗೆದು ಮೂಗಿನ ಕೆಳಗೆ ಅಡ್ಡ ಹಿಡಿಯುತ್ತಿದ್ದರು. ಕಣ್ಣು ಮುಚ್ಚಿ ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ. ಎರಡೂ ಹೊಳ್ಳೆಗಳಿಗೆ ಸಮನಾದ ಪಾಲು ಸಿಗಬೇಕಲ್ಲ. ದೂರದಿಂದ ನೋಡಿದವರಿಗೆ ಯಾರೋ ಕೊಳಲನ್ನು ತಪ್ಪು ತೂತಿನಿಂದ ಊದುತ್ತಿದ್ದಾರೆ ಅನ್ನಿಸುತ್ತಿತ್ತು. ಅಫಿಡವಿಟ್ ಮಾಡಿಸಲು ಬಂದ ಕಕ್ಷಿದಾರರು ಮರ್ಯಾದೆಗೆ ಕಡ್ಡಿಪೆಟ್ಟಿಗೆ ಮುಂದೆ ಹಿಡಿದರೆ, ಸಾಹೇಬರು ಒಂದು ಕಣ್ಣು ತೆರೆದು ಬೇಡವೆಂದು ತಲೆಯಾಡಿಸಿ ಮತ್ತೆ ಮುಚ್ಚುತ್ತಿದ್ದರು.

ಅವರ ಹೆಸರು ಬಸಲಿಂಗಪ್ಪ. ತೂಕ ಮತ್ತು ಅಳತೆಯ, ಅಂದರೆ ಮಾಪಿನ, ಇಲಾಖೆಯಲ್ಲಿ ಇನ್‌ಸ್ಪೆಕ್ಟರರಾಗಿದ್ದು ನಿವೃತ್ತರಾಗಿದ್ದರು. ನಿವೃತ್ತಿ ಅವರಿಗೆ ಆಗಿತ್ತೇ ಹೊರತು ಊರಿಗೆ ಆಗಿರಲಿಲ್ಲ. ಅವರು ಕೈಚೀಲ ಹಿಡಿದು ಸಂತೆಗೆ ಕಾಲಿಟ್ಟರೆ ಬದನೆಕಾಯಿ ಮಾರುವವರಿಂದ ಹಿಡಿದು ಒಣಮೀನಿನವರವರೆಗೆ ಎಲ್ಲರೂ ತಕ್ಕಡಿಯನ್ನು ಒಮ್ಮೆ ಒರೆಸಿಕೊಳ್ಳುತ್ತಿದ್ದರು. ಸಾಹೇಬರಿಗೆ ಅದರಿಂದ ಸಂತೋಷವೂ ಇರಲಿಲ್ಲ, ಬೇಸರವೂ ಇರಲಿಲ್ಲ. ಅವರ ಬಾಯಲ್ಲಿ ಸದಾ ಇರುತ್ತಿದ್ದುದು ಒಂದೇ ಪ್ರಶ್ನೆ: "ಎಷ್ಟು?" ಬಿಸಿಲು ಬಹಳ ಎಂದರೆ ಎಷ್ಟು. ಕಾಲು ನೋಯುತ್ತದೆ ಎಂದರೆ ಎಷ್ಟು. ಒಮ್ಮೆ ನನ್ನ ಅಂಗಡಿಯಲ್ಲಿ ಹೊಸದಾಗಿ ಒಡೆದ ಕಾಗದದ ರೀಮನ್ನು ನೋಡಿ ಅದರಲ್ಲಿ ಎಷ್ಟು ಹಾಳೆ ಇವೆಯೆಂದು ಕೇಳಿದರು. ಐನೂರು ಎಂದೆ. ಎಣಿಸಿದ್ದೀಯಾ ಎಂದರು. ಇಲ್ಲವೆಂದೆ. ಸರಿ, ಸ್ಟೂಲನ್ನು ಹತ್ತಿರ ಎಳೆದುಕೊಂಡು ಬೆರಳಿಗೆ ಉಗುಳು ಹಚ್ಚಿ ತಾವೇ ಎಣಿಸಿದರು. ನಾನೂರ ತೊಂಬತ್ತೇಳು. ಆವತ್ತಿನಿಂದ ಇವತ್ತಿನವರೆಗೆ ನಾನು ಎಣಿಸದೆ ರೀಮು ಒಡೆದಿಲ್ಲ.

ಚುಟ್ಟಾದ ರುಚಿ ಅವರಿಗೆ ಹತ್ತಿದ್ದು ನೌಕರಿಯ ತಿರುಗಾಟದಲ್ಲಿ, ನಿಪ್ಪಾಣಿ ಕಡೆಯ ತಂಬಾಕಿನ ಗೋದಾಮುಗಳ ತೂಕ ಪರೀಕ್ಷೆಗೆ ಹೋದಾಗ. ಮೂವತ್ತು ವರ್ಷ ಸೇದಿದರು. ನಂತರ ಎದೆಯಲ್ಲಿ ಗೊರಗೊರ ಶುರುವಾಗಿ, ಡಾಕ್ಟರು ಹೇಳಿದ್ದನ್ನು ಹೆಂಡತಿ ನೀಲವ್ವನವರು ಹಟ ಹಿಡಿದು ನಡೆಸಿದರು. ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸಿದರು. ಸಾಹೇಬರು ಆಣೆಯ ಅಕ್ಷರಕ್ಕೆ ಅಕ್ಷರ ನಡೆದುಕೊಂಡರು.

"ಬೆಂಕಿ ಹಚ್ಚಂಗಿಲ್ಲ ಅಂತ ಆಣಿ ಮಾಡೀನಿ ತಂಗಿ," ಎಂದು ನನಗೆ ಹೇಳಿದ್ದರು. "ಮೂಸಂಗಿಲ್ಲ ಅಂತ ಯಾವಾಗ ಅಂದೀನಿ?"

ನಮ್ಮ ಸೀಮೆಯಲ್ಲಿ ಚುಟ್ಟಾದ ಹವ್ಯಾಸಿಗಳು ಐದು ಜನರಿದ್ದರು. ರಬಕವಿಯ ಸೀರೆ ವ್ಯಾಪಾರಿ ಪ್ರಭಣ್ಣ, ಮುಧೋಳದಲ್ಲಿ ಬೇಟೆನಾಯಿ ಸಾಕುವ ವೆಂಕಪ್ಪ, ಹುನ್ನೂರಿನ ಬೀರಪ್ಪ, ಮಹಾಲಿಂಗಪುರದ ಒಬ್ಬ ಬೆಲ್ಲದ ವ್ಯಾಪಾರಿ, ಬೀಳಗಿಯ ಒಬ್ಬ ನಿವೃತ್ತ ಹೆಡ್‌ಮಾಸ್ತರರು. ಇವರು ಯಾವುದೋ ಮದುವೆಯ ಪಂಕ್ತಿಯಲ್ಲಿ ಒಬ್ಬರ ಬಾಯಿಯ ವಾಸನೆಯಿಂದ ಇನ್ನೊಬ್ಬರನ್ನು ಗುರುತು ಹಿಡಿದವರು. ಆಮೇಲೆ ವಾಟ್ಸಾಪ್ ಗುಂಪು ಮಾಡಿಕೊಂಡು, ಅಂಚೆಯಲ್ಲಿ ಒಬ್ಬರಿಗೊಬ್ಬರು ಚುಟ್ಟಾ ಕಳಿಸಿ ರುಚಿ ನೋಡುವುದೆಂದು ನಿಶ್ಚಯಿಸಿದರು. ಮೊದಲ ಸಲವೇ ಜಗಳವಾಯಿತು. ತಾನು ಒಳ್ಳೆಯ ಸಿಗಾರು ಕಳಿಸಿದರೆ ಬೆಲ್ಲದವರು ಹಗ್ಗದ ತುಂಡು ಕಳಿಸಿದ್ದಾರೆಂದು ವೆಂಕಪ್ಪ, ವೆಂಕಪ್ಪನ ಸಿಗಾರಿನಲ್ಲಿ ನಾಯಿಯ ಕೂದಲಿತ್ತೆಂದು ಬೆಲ್ಲದವರು. ನಡುವೆ ಸೇದದವನೊಬ್ಬ ನಿಂತು ಹಂಚಿದರೆ ಮಾತ್ರ ಇದು ನಡೆದೀತು ಎಂದು ಹೆಡ್‌ಮಾಸ್ತರರು ಸೂಚಿಸಿದರು. ಸೇದದೆಯೂ ಚುಟ್ಟಾ ಬಲ್ಲವರು ಈ ಸೀಮೆಯಲ್ಲಿ ಒಬ್ಬರೇ ಇದ್ದರು.

ಸಾಹೇಬರು ಒಪ್ಪಿದರು. ಮೊದಲು ಅಂಚೆ ಕಚೇರಿಗೆ ಹೋಗಿ, ಸುತ್ತಿದ ತಂಬಾಕನ್ನು ಪಾರ್ಸೆಲ್ ಮಾಡಬಹುದೇ ಎಂದು ಕೇಳಿ, ಅಡ್ಡಿಯಿಲ್ಲವೆಂದು ತಿಳಿದ ಮೇಲೆಯೇ ನನ್ನ ಅಂಗಡಿಗೆ ಬಂದು ಹನ್ನೊಂದು ನಿಯಮಗಳನ್ನು ಟೈಪ್ ಮಾಡಿಸಿದರು. ಎರಡು ತಿಂಗಳಿಗೊಂದು ಸುತ್ತು. ಪ್ರತಿ ಸದಸ್ಯ ಒಂದೇ ಬಗೆಯ ನಾಲ್ಕು ಚುಟ್ಟಾ ಜಮಖಂಡಿಗೆ ಕಳಿಸತಕ್ಕದ್ದು. ಸಾಹೇಬರು ಅವನ್ನು ಬೆರೆಸಿ, ಪ್ರತಿಯೊಬ್ಬರಿಗೂ ಉಳಿದ ನಾಲ್ವರದು ಒಂದೊಂದರಂತೆ ಹಿಂದಕ್ಕೆ ಕಳಿಸತಕ್ಕದ್ದು. ಹಂಚುವವನಿಗೆ ಪಾಲಿಲ್ಲ. ಅಕ್ಕಸಾಲಿಗರ ತಕ್ಕಡಿಯೊಂದನ್ನು ಅವರು ಮನೆಯ ಊಟದ ಮೇಜಿನ ಮೇಲೆ ಇಟ್ಟುಕೊಂಡು, ಬಂದ ಪ್ರತಿ ಚುಟ್ಟಾವನ್ನೂ ತೂಗಿ, ಉದ್ದ ಅಳೆದು, ಮೂಸಿ, ಷರಾ ಬರೆಯುತ್ತಿದ್ದರು. ಆ ಷರಾಗಳನ್ನು ಟೈಪ್ ಮಾಡುತ್ತಿದ್ದವಳು ನಾನಾದ್ದರಿಂದ ಕೆಲವು ಇನ್ನೂ ನೆನಪಿವೆ. "ಹೊಸ ಚಪ್ಪಲಿಯ ವಾಸನೆ, ಆಕ್ಷೇಪವಿಲ್ಲ." "ಹಸಿ. ಚಾವಣಿಯ ಮೇಲೆ ಎರಡು ದಿನ ಇಡತಕ್ಕದ್ದು." "ಸದಸ್ಯರು ಊದುಬತ್ತಿಯ ಡಬ್ಬಿಯಲ್ಲಿ ಕಳಿಸಿದಂತಿದೆ. ಎಚ್ಚರಿಕೆ ಕೊಡಲಾಗಿದೆ."

ಹನ್ನೊಂದು ನಿಯಮ ಹನ್ನೊಂದಾಗಿಯೇ ಉಳಿಯಲಿಲ್ಲ. ಬೆಲ್ಲದ ವ್ಯಾಪಾರಿ ಪ್ರೀತಿಯಿಂದ ಚುಟ್ಟಾಗಳ ಜೊತೆ ಒಂದೊಂದು ಬೆಲ್ಲದ ಅಚ್ಚು ಇಟ್ಟು ಕಳಿಸಿದರು. ಸಾಹೇಬರು ಪೊಟ್ಟಣ ಬಿಚ್ಚುವಷ್ಟರಲ್ಲಿ ಕೆಂಪಿರುವೆಗಳು ಒಂದು ಚುಟ್ಟಾವನ್ನು ಮೇಜಿನ ತುದಿಯವರೆಗೆ ಸಾಗಿಸಿದ್ದವು. ಹನ್ನೆರಡನೆಯ ನಿಯಮ ಬಂತು: ಪೊಟ್ಟಣದಲ್ಲಿ ತಿನಿಸು ಇರಕೂಡದು. ಮುಂದಿನ ಸುತ್ತಿನಲ್ಲಿ ಮುಧೋಳಕ್ಕೆ ಹೋದ ಪಾರ್ಸೆಲನ್ನು ವೆಂಕಪ್ಪ ಸಹಿ ಮಾಡಿ ತೆಗೆದುಕೊಂಡು, ಬಿಚ್ಚಿ, ಕಟ್ಟೆಯ ಮೇಲಿಟ್ಟು ನೀರು ಕುಡಿಯಲು ಒಳಗೆ ಹೋದ. ಅವನ ನಾಯಿಗಳ ಪೈಕಿ ತೆಳ್ಳಗಿನದೊಂದು, ನಾಲ್ಕರಲ್ಲಿ ಒಂದು ಚುಟ್ಟಾವನ್ನು ಅಡ್ಡಡ್ಡ ಬಾಯಲ್ಲಿ ಕಚ್ಚಿಕೊಂಡು ಹೊರಬಿತ್ತು. ಮುಧೋಳದ ನಾಯಿಯನ್ನು ಬೆನ್ನಟ್ಟಿ ಹಿಡಿಯುವುದು ಯಾರಿಂದಾದೀತು? ವೆಂಕಪ್ಪ ಮೋಟಾರ್ ಸೈಕಲ್ ಮೇಲೆ ಹಿಂದೆ ಬಿದ್ದ. ನಾಯಿ ಪೇಟೆಯ ಉದ್ದಕ್ಕೂ ದೊಡ್ಡ ಸಾಹುಕಾರನ ಹಾಗೆ ಸಿಗಾರು ಬಾಯಲ್ಲಿಟ್ಟುಕೊಂಡು ಓಡಿತು, ಜನ ಚಹದಂಗಡಿಗಳಿಂದ ಎದ್ದು ಬಂದು ನೋಡಿದರಂತೆ. ಕೊನೆಗೆ ಕಬ್ಬಿನ ಗದ್ದೆಗೆ ನುಗ್ಗಿ ಬರಿಬಾಯಲ್ಲಿ ಹೊರಬಂತು. ತನಗೆ ಇನ್ನೊಂದು ಚುಟ್ಟಾ ಬರಬೇಕೆಂದು ವೆಂಕಪ್ಪ ಫೋನು ಮಾಡಿದ. ಎಷ್ಟು ದೂರ ಓಡಿತು ಎಂದು ಸಾಹೇಬರು ಕೇಳಿ, ಅದನ್ನೂ ಬರೆದುಕೊಂಡು, ಸಹಿ ಮಾಡಿ ತೆಗೆದುಕೊಂಡ ಮೇಲೆ ನಾಯಿಯ ಜವಾಬ್ದಾರಿ ಬಳಗದ್ದಲ್ಲವೆಂದು ತೀರ್ಪು ಕೊಟ್ಟರು. ವೆಂಕಪ್ಪ ಆ ಸಿಟ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡ.

ಆದರೆ ದೊಡ್ಡ ತಕರಾರು ಬಂದದ್ದು ಹುನ್ನೂರಿನ ಬೀರಪ್ಪನ ಚುಟ್ಟಾದ ಮೇಲೆ. ಬೀರಪ್ಪ ಕುರಿ ಕಾಯುವ ಮನೆತನದವರು, ಬೀರೇಶ್ವರನ ಭಕ್ತರು, ದನದ ದವಾಖಾನೆಯಲ್ಲಿ ನೌಕರಿ. ಕುರಿದೊಡ್ಡಿಯ ಹಿಂದೆ ನಾಲ್ಕು ಸಾಲು ತಂಬಾಕು ಬೆಳೆದು, ತಾವೇ ಒಣಗಿಸಿ, ತಾವೇ ಸುತ್ತುತ್ತಿದ್ದರು. ಒಂದು ದಪ್ಪ, ಒಂದು ತೆಳು, ಒಂದಕ್ಕೆ ಗೂನು. ಪ್ರಭಣ್ಣನದು ಹೊರದೇಶದ ಮಾಲು, ನಡುವಿಗೆ ಚಿನ್ನದ ಬಣ್ಣದ ಪಟ್ಟಿ. ತನ್ನ ಪಟ್ಟಿಯ ಸಿಗಾರಿಗೆ ಪ್ರತಿಯಾಗಿ ಬೀರಪ್ಪನ ಗೂನು ಬರುವುದು ನ್ಯಾಯವೇ ಎಂದು ಅವನು ಗುಂಪಿನಲ್ಲಿ ಕೇಳಿದ. ಸಾಹೇಬರು ಮುಂದಿನ ಸುತ್ತಿನಲ್ಲಿ ಎಲ್ಲ ಚುಟ್ಟಾಗಳ ಪಟ್ಟಿ ಬಿಚ್ಚಿ, ಎಲ್ಲವಕ್ಕೂ ಒಂದೇ ಬಗೆಯ ಬಿಳಿ ಕಾಗದ ಸುತ್ತಿ, ಬರೀ ಅಂಕಿ ಬರೆದು ಕಳಿಸಿದರು. ಬೀರಪ್ಪನಿಗೆ ಮಾತ್ರ ಫೋನು ಮಾಡಿ, ಈ ಸಲ ಗೂನಿಲ್ಲದವನ್ನು ಆರಿಸಿ ಕಳಿಸಲು ಹೇಳಿದ್ದರು. ವಾರದ ನಂತರ ಪ್ರಭಣ್ಣ ರಬಕವಿಯಿಂದ ಖುಷಿಯಲ್ಲಿ ಫೋನು ಮಾಡಿ, ಮೂರನೆಯ ಅಂಕಿಯದು ಯಾವ ದೇಶದ್ದು, ತನಗೂ ತರಿಸಬೇಕಾಗಿದೆ ಎಂದ. ಸಾಹೇಬರು ಸ್ಪೀಕರ್ ಹಾಕಿದ್ದರಿಂದ ನಾನೂ ಕೇಳಿಸಿಕೊಂಡೆ. ಅದು ಹುನ್ನೂರು ದೇಶದ್ದೆಂದು ನಮ್ಮಿಬ್ಬರಿಗೇ ಗೊತ್ತಿತ್ತು. ಹೇಳಿಬಿಡಿ ಎಂದು ನಾನು ಸನ್ನೆ ಮಾಡಿದೆ. ಗುಟ್ಟು ಕಾಯುವುದು ನಿಯಮದಲ್ಲಿದೆ ಎಂದು ಅವರು ಹೇಳಲೇ ಇಲ್ಲ. ಬೀರಪ್ಪನಿಗೂ ಹೇಳಲಿಲ್ಲ. ನನಗೆ ಅದು ಅತಿಯೆನಿಸಿತು. ಒಳ್ಳೆಯ ಮಾತನ್ನೂ ತೂಗಿ ಒಳಗಿಟ್ಟುಕೊಳ್ಳುವ ಮನುಷ್ಯ ಎಂದು ಎರಡು ದಿನ ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಆರನೆಯ ಸುತ್ತಿನಲ್ಲಿ ಒಂದು ಚುಟ್ಟಾ ಕಡಿಮೆ ಬಂತು.

ಶನಿವಾರ ಇಪ್ಪತ್ತು ಬಂದಿದ್ದವು. ತೂಗಿ, ಬರೆದು, ಸ್ಟೀಲಿನ ಡಬ್ಬಿಯಲ್ಲಿಟ್ಟಿದ್ದರು. ಸೋಮವಾರ ಪೊಟ್ಟಣ ಕಟ್ಟಲು ತೆಗೆದರೆ ಹತ್ತೊಂಬತ್ತು. ಹೋದದ್ದು ಬೀರಪ್ಪನ ನಾಲ್ಕರಲ್ಲಿ ಒಂದು, ವೆಂಕಪ್ಪನಿಗೆ ಸಲ್ಲಬೇಕಾದದ್ದು. ಸಾಹೇಬರು ಮೇಜಿನ ಕೆಳಗೆ, ಅಕ್ಕಿಯ ಡಬ್ಬದಲ್ಲಿ, ತಮ್ಮ ಬೂಟಿನಲ್ಲಿ ಹುಡುಕಿದರು. ನಂತರ ಗುಂಪಿನಲ್ಲಿ ಇದ್ದದ್ದನ್ನು ಇದ್ದಂತೆ ತಿಳಿಸಿದರು. ಒಂದು ಚುಟ್ಟಾ ತಾನೇ, ಬಿಡಿ ಎಂದು ನಾಲ್ವರೂ ಬರೆದರು. ಬೀರಪ್ಪ ಇನ್ನೊಂದು ಕಳಿಸುತ್ತೇನೆಂದರು. ಆದರೆ ವೆಂಕಪ್ಪ ಬರೆದದ್ದು ಬೇರೆ: ದಿನಾ ಮೂಸುವವರಿಗೆ ಒಂದು ದಿನ ಕಡ್ಡಿ ಗೀರುವ ಮನಸ್ಸಾಗುವುದು ಸಹಜ.

ಮರುದಿನ ಸಾಹೇಬರು ಅಂಗಡಿಗೆ ಬಂದಾಗ ಕಿಸೆಯಲ್ಲಿ ಚುಟ್ಟಾ ಇರಲಿಲ್ಲ. ಸ್ಟೂಲಿನ ಮೇಲೆ ಕೂತು ಸ್ವಲ್ಪ ಹೊತ್ತು ನನ್ನ ಮಶೀನು ಕಾಗದ ನುಂಗಿ ಉಗುಳುವುದನ್ನು ನೋಡಿದರು. ನೌಕರಿಯಲ್ಲಿದ್ದಾಗ ಅವರನ್ನು ಒಂಬತ್ತು ಸಲ ವರ್ಗ ಮಾಡಿದ್ದರು. ಪ್ರತಿ ಸಲವೂ ಯಾರದೋ ತಕ್ಕಡಿಯ ಮೋಸ ಹಿಡಿದದ್ದಕ್ಕೆ. ಆದರೆ ಒಂಬತ್ತರಲ್ಲಿ ಒಂದು ಸಲವೂ ಇವರ ಕೈ ಸರಿಯಿಲ್ಲವೆಂದು ಯಾರೂ ಅಂದಿರಲಿಲ್ಲ.

"ಮೂವತ್ತಾರು ವರ್ಷ ಬ್ಯಾರೇದವರ ತಕ್ಕಡಿ ನೋಡಿದೆ," ಎಂದರು. "ನನ್ನ ಮನ್ಯಾಗ ಕಮ್ಮಿ ಬಂತು. ರಾಜೀನಾಮೆ ಬರಿ ತಂಗಿ."

ಅವರು ಹೇಳಿದಂತೆ ಟೈಪ್ ಮಾಡಿದೆ. ಪ್ರಿಂಟು ನಾಳೆ ಕೊಡುತ್ತೇನೆ, ಮಶೀನಿನಲ್ಲಿ ಶಾಯಿ ಮುಗಿದಿದೆ ಎಂದು ಸುಳ್ಳು ಹೇಳಿದೆ. ಎಷ್ಟು ಮುಗಿದಿದೆ ಎಂದು ಅವರು ಕೇಳಲಿಲ್ಲ. ಆಗ ನನಗೆ ಹೆದರಿಕೆಯಾಯಿತು.

ಆ ಮಧ್ಯಾಹ್ನ ಕೋರ್ಟಿನ ಮಂದಿ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ ನೀಲವ್ವನವರು ಬಂದರು. ಅವರು ನನ್ನ ಅಂಗಡಿಗೆ ಬಂದದ್ದೇ ಅದು ಮೊದಲು. ಕುಳ್ಳಗೆ, ಗುಂಡಗೆ, ಇಳಕಲ್ ಸೀರೆಯ ಸೆರಗನ್ನು ತಲೆತುಂಬ ಹೊದ್ದ ಹೆಂಗಸು. ಸ್ಟೂಲಿನ ಮೇಲೆ ಕೂತು, ಆ ಕಾಗದ ಪ್ರಿಂಟ್ ಮಾಡಿದ್ದೀಯಾ ಎಂದು ಕೇಳಿದರು. ಇಲ್ಲವೆಂದೆ.

"ಮಾಡಬ್ಯಾಡವಾ," ಎಂದರು. "ಅದು ಕಳದಿಲ್ಲ. ನಾ ಸೇದೀನಿ."

ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಸುತ್ತಿದ್ದನ್ನು ಬಿಚ್ಚುತ್ತ, ಭಾನುವಾರ ಮಾಳಿಗೆಯ ಮೇಲೆ ಹಪ್ಪಳ ಒಣಗಿಸಲು ಹೋದದ್ದು, ಹೋಗುವಾಗ ಡಬ್ಬಿಯಿಂದ ಒಂದು ತೆಗೆದುಕೊಂಡದ್ದು, ಮೂರನೆಯ ಕಡ್ಡಿಗೆ ಹತ್ತಿದ್ದು ಎಲ್ಲ ಹೇಳಿದರು. ಯಾಕೆ ಅಕ್ಕಾರ ಎಂದು ಕೇಳಿದೆ.

"ನಲವತ್ತ ವರ್ಷ ಅವರ ಅಂಗಿ ಒಗದೀನಿ. ಹೊಗಿ ವಾಸನಿಗೆ ತಲಿ ತಿರಗತಿತ್ತು. ಹಟಾ ಹಿಡದ ಬಿಡಿಸಿದೆ. ಆಮ್ಯಾಲ ಅಂಗಿ ಬರೇ ಸಾಬಾಣದ ವಾಸನಿ ಹೊಡ್ಯಾಕ ಹತ್ತಿದ್ವು. ಯಾರ ಅಂಗಿ ಒಗ್ಯಾಕತ್ತೀನಿ ಅನ್ನೂದ ತಿಳೀಲಾರದಂಗ ಆತು ನೋಡವಾ. ಒಂದ್ಸಲ ಆ ವಾಸನಿ ಬೇಕಾಗಿತ್ತು."

ಬೆರಳಿಗೆ ಸುತ್ತಿದ್ದ ಸೆರಗು ಬಿಟ್ಟು, "ಮದಲ ಕೆಮ್ಮು ಬಂತು. ಆಮ್ಯಾಲ ಛಲೋ ಅನಸ್ತು," ಎಂದರು.

ಅಷ್ಟರಲ್ಲಿ ಸಾಹೇಬರೇ ಮೆಟ್ಟಿಲು ಹತ್ತಿ ಬಂದರು, ಶಾಯಿ ಬಂತೇ ಎಂದು ಕೇಳಲು. ಹೆಂಡತಿಯನ್ನು ಅಲ್ಲಿ ಕಂಡು ನಿಂತುಬಿಟ್ಟರು. ನೀಲವ್ವನವರು ಎದ್ದು ನಿಂತು, ನನಗೆ ಹೇಳಿದ್ದನ್ನೇ ಎರಡು ವಾಕ್ಯದಲ್ಲಿ ಹೇಳಿದರು. ನಾನು ಝೆರಾಕ್ಸ್ ಮಶೀನಿನ ಹಿಂದೆ ಸರಿದೆ.

"ಎಷ್ಟು ಸೇದಿದಿ?" ಎಂದು ಸಾಹೇಬರು ಕೇಳಿದರು.

"ಬೆರಳ ಸುಡೂತನಕ."

"ಎಷ್ಟು ಹೊತ್ತು?"

"ಹಪ್ಪಳ ಒಂದ ಮಗ್ಗಲ ಒಣಗೂತನಕ."

ಬೂದಿ ಯಾವ ಬಣ್ಣವಿತ್ತು, ನಡುವೆ ಆರಿತೇ, ಹೊಗೆ ಗಂಟಲು ಕಚ್ಚಿತೇ ಎಂದು ಒಂದೊಂದಾಗಿ ಕೇಳಿದರು. ನೀಲವ್ವನವರು ಸಾಕ್ಷಿ ಹೇಳುವವರಂತೆ ನಿಂತು ಒಂದೊಂದಕ್ಕೂ ಉತ್ತರ ಕೊಟ್ಟರು. ಕೇಳುತ್ತ ಕೇಳುತ್ತ ಸಾಹೇಬರ ದನಿ ತನಿಖೆಯದಾಗಿ ಉಳಿಯಲಿಲ್ಲ. ಹಸಿದವನು ಊಟ ಮಾಡಿ ಬಂದವನನ್ನು ಏನೇನಿತ್ತು ಎಂದು ಕೇಳುವ ಹಾಗೆ ಕೇಳುತ್ತಿದ್ದರು. ಕೊನೆಗೆ ಸ್ಟೂಲಿನ ಮೇಲೆ ಕುಸಿದು ಕೂತು ನಗತೊಡಗಿದರು. ಅವರು ನಗುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನೀಲವ್ವನವರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಊಟ ಮುಗಿಸಿ ಬಂದ ಕಕ್ಷಿದಾರನೊಬ್ಬ ಬಾಗಿಲಲ್ಲಿ ನಿಂತು, ಆಮೇಲೆ ಬರುತ್ತೇನೆಂದು ಹಿಂದಿರುಗಿದ.

ನಿಜ ಹೇಳಬೇಕೋ ಬೇಡವೋ ಎಂಬ ಪ್ರಶ್ನೆ ಸಾಹೇಬರಿಗಿರಲಿಲ್ಲ, ಹೆಂಡತಿಯ ಒಪ್ಪಿಗೆ ಮಾತ್ರ ಕೇಳಿದರು. ಹೇಳ್ರಿ, ನಾ ಏನ್ ಕದ್ದೀನೇನು ಎಂದರು ಅವರು. ಕದ್ದದ್ದೇ ಆಗಿತ್ತು, ಆದರೆ ಅದನ್ನು ಆಗ ಯಾರೂ ಎತ್ತಲಿಲ್ಲ. ಗುಂಪಿಗೆ ಹೋದ ಸಂದೇಶ ನಾನೇ ಟೈಪ್ ಮಾಡಿದ್ದು: "ಸರ್ವ ಸದಸ್ಯರ ಅವಗಾಹನೆಗೆ ತರುವುದೇನೆಂದರೆ, ಸದರಿ ಚುಟ್ಟಾವನ್ನು ನನ್ನ ಧರ್ಮಪತ್ನಿಯವರು ಸೇದಿರುತ್ತಾರೆ. ಇದಕ್ಕೆ ನಾನೇ ಹೊಣೆ."

ಅರ್ಧ ತಾಸಿನ ನಂತರ ಬೀರಪ್ಪನ ಒಂದೇ ಸಾಲು ಬಂತು. ಹೆಂಗಿತ್ರಿ ಎಂದು ಕೇಳಿದ್ದರು. ನೀಲವ್ವನವರು ನನ್ನ ಮೇಜಿಗೆ ಆತು ನಿಂತು ಉತ್ತರ ಬರೆಸಿದರು. ಘಮ ಮೊದಲ ಮಳೆಗೆ ಹುಲ್ಲು ನೆನೆದಂತಿತ್ತು, ಮುಂದಿನ ಸಲ ಸ್ವಲ್ಪ ಸಡಿಲ ಸುತ್ತಬೇಕು, ಎಳೆಯಲು ದವಡೆ ನೋಯುತ್ತದೆ. ಬೀರಪ್ಪ ಆ ಸಂಜೆಯೇ ಹುನ್ನೂರಿನಿಂದ ಜಮಖಂಡಿಗೆ ಬಂದು, ಒಂದು ಕಟ್ಟು ಒಣ ಎಲೆ ಅವರ ಮುಂದಿಟ್ಟರು. ತಮ್ಮ ಚುಟ್ಟಾವನ್ನು ತಮ್ಮದೆಂದು ಗೊತ್ತಿದ್ದೂ ಹೊಗಳಿದವರು ನೀಲವ್ವನವರೊಬ್ಬರೇ ಎಂದರು. ಸಾಹೇಬರು ತಲೆ ತಗ್ಗಿಸಿದರು. ಮೂರನೆಯ ಅಂಕಿಯ ವಿಷಯವನ್ನು ಆವತ್ತು ಹೇಳಿದರು.

ವೆಂಕಪ್ಪ ಭಾನುವಾರ ಸಾಹೇಬರ ಮನೆಗೆ ಬಂದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ತಪ್ಪಾತ್ರಿ ಸಾಹೇಬ್ರ ಎಂದ. ಸಾಹೇಬರು ಎಷ್ಟು ತಪ್ಪಾಯಿತೆಂದು ಕೇಳಿದರು. ವೆಂಕಪ್ಪ ಯೋಚಿಸಿ, ಪೂರಾ ತಪ್ಪಾತ್ರಿ ಎಂದ. ಅಲ್ಲ, ಅರ್ಧ ಎಂದು ಸಾಹೇಬರು ತಿದ್ದಿದರು. ಉಳಿದರ್ಧ ಡಬ್ಬಿಗೆ ಬೀಗ ಹಾಕದ ತಮ್ಮದು.

ಸೇದಿದವರು ಸದಸ್ಯರಾಗಲೇಬೇಕು ಎಂಬ ಹೊಸ ನಿಯಮದ ಪ್ರಕಾರ ನೀಲವ್ವನವರು ಆರನೆಯ ಸದಸ್ಯೆಯಾದರು. ಎದೆ ಕೆಟ್ಟರೆ ಎಂದು ನಾನು ಅಂದದ್ದಕ್ಕೆ, ಎರಡು ತಿಂಗಳಿಗೊಂದೇ, ಉಳಿದದ್ದು ಬರೀ ಮೂಸುವುದಕ್ಕೆ ಎಂದು ಅವರೇ ಮಿತಿ ಹಾಕಿಕೊಂಡರು. ತಮ್ಮ ಪಾಲಿನ ಐದನ್ನು ಬೀರಪ್ಪನ ಎಲೆಯಿಂದ ತಾವೇ ಸುತ್ತಿದರು. ಐವತ್ತು ವರ್ಷ ಶಾವಿಗೆ ಹೊಸೆದ ಕೈ. ಸಾಹೇಬರು ಐದನ್ನೂ ತೂಗಿದರು. ಐದೂ ಒಂದೇ ತೂಕ. ತಕ್ಕಡಿ ಕೆಟ್ಟಿದೆಯೆಂದುಕೊಂಡು ಅಕ್ಕಸಾಲಿಗನ ಅಂಗಡಿಗೆ ಒಯ್ದು ಅಲ್ಲಿ ತೂಗಿಸಿದರು. ಅಲ್ಲೂ ಒಂದೇ. ಷರಾದ ಜಾಗದಲ್ಲಿ ಏನು ಬರೆಯಲಿ ಎಂದು ನಾನು ಕೇಳಿದೆ. ಅವರು ಯೋಚಿಸಿ, ಖಾಲಿ ಬಿಡು ಎಂದರು.

ಮಗಳು ಧಾರವಾಡದಲ್ಲಿ ಕಾಲೇಜಿನಲ್ಲಿ ಕಲಿಸುತ್ತಾಳೆ. ಮೊಮ್ಮಗಳು ಹುಟ್ಟಿದ ವರ್ಷ ಇಬ್ಬರೂ ಅಲ್ಲಿಗೆ ಹೊರಟರು. ಬಳಗವನ್ನು ಸಾಹೇಬರು ನನಗೆ ಒಪ್ಪಿಸಿದರು. ನಾನು ಸೇದುವುದಿಲ್ಲ, ಎಣಿಸುತ್ತೇನೆ, ಅಷ್ಟು ಸಾಕಂತೆ. ಜಮಖಂಡಿ ಬಸ್‌ ನಿಲ್ದಾಣಕ್ಕೆ ಐವರು ಸದಸ್ಯರೂ ಬಂದಿದ್ದರು. ಬಸ್ಸಿನಲ್ಲಿ ಸಿಕ್ಕಿದ್ದು ಜೋಡಿ ಸೀಟು, ಅದರಲ್ಲಿ ಕಿಟಕಿಯ ಪಕ್ಕದ್ದು ಒಂದೇ. ಸಾಹೇಬರು ಹೆಂಡತಿಯನ್ನು ಅಲ್ಲಿ ಕೂರಿಸಿ, ಕಂಡಕ್ಟರನಿಗೆ ದಾರಿ ಬಿಡದೆ ನಡುವೆಯೇ ನಿಂತು ಕೈಗಡಿಯಾರ ನೋಡಿದರು.

"ನಾಕ ತಾಸಿನ ಹಾದಿ," ಎಂದು ಅವರಿಗೆ ಹೇಳುತ್ತಿದ್ದರು. "ಎರಡ ತಾಸು ಕಿಟಕ್ಯಾಗ ನೀ ಕುಂದ್ರು, ಎರಡ ತಾಸು ನಾ."

ನೀಲವ್ವನವರು ಕೇಳಿಸಿಕೊಳ್ಳದವರಂತೆ ಕಿಟಕಿಯಿಂದ ನಮ್ಮತ್ತ ಕೈ ಬೀಸಿದರು. ಬಸ್ಸು ತಿರುಗುವಾಗಲೂ ಸಾಹೇಬರು ಗಡಿಯಾರವನ್ನೇ ನೋಡುತ್ತಿದ್ದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಮೊಮ್ಮಗಳಿಗೆ ಎರಡು ತುಂಬುವ ಮುಂಚೆ ಅವರು ನಿದ್ದೆಯಲ್ಲೇ ಹೋದರು.

ಸುದ್ದಿ ತಿಳಿದು ಧಾರವಾಡಕ್ಕೆ ಹೋಗಿದ್ದೆ. ಬಂದವರೆಲ್ಲ ಹೋದ ಮೇಲೆ ನೀಲವ್ವನವರ ಹತ್ತಿರ ಕೂತೆ. ಅಂದು ಬಸ್ಸಿನಲ್ಲಿ ಎರಡು ತಾಸಿಗೆ ಸರಿಯಾಗಿ ಸೀಟು ಬದಲಾಯಿಸಿದಿರಾ ಎಂದು ಕೇಳಿದೆ.

"ಎಲ್ಲೀದವಾ," ಎಂದರು. "ಮುಧೋಳ ದಾಟೂದ್ರಾಗ ಅವರಿಗೆ ನಿದ್ದಿ ಹತ್ತಿತು, ನನ್ನ ಹೆಗಲಮ್ಯಾಲೆ. ಎಬ್ಬಸಲಿಲ್ಲ. ಧಾರವಾಡತನಕ ನಾನ ಕಿಟಕ್ಯಾಗ ಕುಂತಿದ್ದೆ."